ಪೆನ್ಸಿಲ್ ಭಾವಚಿತ್ರದಲ್ಲಿ ಒಂದು ಕನ್ನಡಿ: ಸಂಕೇತಕ್ಕೆ ಅರ್ಥ ಕೊಡುವವರು ಯಾರು?

ರೇಖಾಭ್ಯಾಸಿ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿನಿಂದ ನನ್ನ ಚಿಕ್ಕಮ್ಮನ ಭಾವಚಿತ್ರವೊಂದನ್ನು ಪೆನ್ಸಿಲ್ಲಿನಲ್ಲಿ ಬಿಡಿಸುತ್ತಿದ್ದೇನೆ. ಅವರಿಗೆ ಈಗ 68 ವರ್ಷ. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವ ಕೆಲಸದಲ್ಲಿ ಬಹುಕಾಲ ಇದ್ದವರು. ಚಿತ್ರದಲ್ಲಿ ಅವರ ಮುಖ ಮುಕ್ಕಾಲು ಭಾಗ ನಮ್ಮತ್ತ ತಿರುಗಿದೆ, ಎಡಗೈ ಮುಚ್ಚಿದ ಪುಸ್ತಕವೊಂದರ ಮೇಲಿದೆ, ಮೇಜಿನ ಮೇಲೆ ಒಂದು ಕೈಗನ್ನಡಿಯೂ ಅದರ ಪಕ್ಕದಲ್ಲಿ ಬಾಡತೊಡಗಿದ ಹೂವೊಂದೂ ಇವೆ. ಪುಸ್ತಕವು ಅವರ ವೃತ್ತಿಯನ್ನು, ಹೂವು ಕಳೆದುಹೋದ ಕಾಲವನ್ನು, ಕನ್ನಡಿಯು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವ ಅವರ ಸ್ವಭಾವವನ್ನು ಸೂಚಿಸಲಿ ಎಂಬುದು ನನ್ನ ಉದ್ದೇಶವಾಗಿತ್ತು.

ಚಿತ್ರವನ್ನು ನೋಡಿದ ಇಬ್ಬರು ಹಿರಿಯ ಕಲಾವಿದರು ಎರಡು ಬೇರೆ ಬೇರೆ ಆಕ್ಷೇಪಗಳನ್ನು ಎತ್ತಿದರು. ಹೆಣ್ಣಿನ ಪಕ್ಕದಲ್ಲಿ ಕನ್ನಡಿಯಿಟ್ಟರೆ ಅದನ್ನು ರೂಪಗರ್ವವೆಂದೇ ಓದಬೇಕಾಗುತ್ತದೆ, ನೂರಾರು ವರ್ಷಗಳಿಂದ ಬಂದ ಅರ್ಥವನ್ನು ಒಬ್ಬರ ಉದ್ದೇಶ ಬದಲಿಸಲಾರದು ಎಂದು ಒಬ್ಬರು ಹೇಳಿದರು. ಬಣ್ಣವಿಲ್ಲದ ಪೆನ್ಸಿಲ್ ಚಿತ್ರದಲ್ಲಿ ಸಂಕೇತಗಳು ಮಾತನಾಡುವುದೇ ಇಲ್ಲ, ಮುಖವನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಅಳಿಸಿಬಿಡಿ ಎಂದು ಇನ್ನೊಬ್ಬರು ಸಲಹೆ ಕೊಟ್ಟರು. ಎರಡೂ ಮಾತುಗಳು ನನ್ನನ್ನು ಕಾಡುತ್ತಿವೆ. ಇಲ್ಲಿರುವವರ ಅಭಿಪ್ರಾಯ ತಿಳಿಯಬೇಕೆಂಬ ಆಸೆಯಿದೆ.

ಚೌಕಟ್ಟು

ಮೊದಲನೆಯವರ ಮಾತು ಸರಿಯೆಂದೇ ನನಗೆ ತೋರುತ್ತದೆ. ನೋಡುವವರ ಮುಂದೆ ಇರುವುದು ಕಾಗದ ಮಾತ್ರ. ನಿಮ್ಮ ಮನಸ್ಸಿನಲ್ಲಿದ್ದುದು ಅವರಿಗೆ ಹೇಗೆ ತಿಳಿಯಬೇಕು? 17ನೆಯ ಶತಮಾನದ ಡಚ್ ಚಿತ್ರಕಾರರು ಬದುಕಿನ ಅನಿತ್ಯತೆಯನ್ನು ಸಾರುವ ಸ್ಥಿರವಸ್ತು ಚಿತ್ರಗಳ ಒಂದು ಪ್ರಕಾರವನ್ನೇ ಬೆಳೆಸಿದರು. ತಲೆಬುರುಡೆ, ಆರಿದ ದೀಪ, ಮರಳು ಗಡಿಯಾರ, ಬಾಡುವ ಹೂವು, ಕನ್ನಡಿ ಇವೆಲ್ಲ ಆ ಪ್ರಕಾರದ ಪದಕೋಶ. ನೀವು ಅದೇ ಪದಕೋಶದಿಂದ ಎರಡು ಪದಗಳನ್ನು ಆರಿಸಿ ಅಕ್ಕಪಕ್ಕದಲ್ಲಿ ಇಟ್ಟಿದ್ದೀರಿ. ಬಾಡುವ ಹೂವಿನ ಪಕ್ಕದ ಕನ್ನಡಿ, ಅದರ ಹಿಂದೆ ವಯಸ್ಸಾದ ಹೆಂಗಸು ಎಂದರೆ, "ಈ ಚೆಲುವೆಲ್ಲ ಅಳಿದುಹೋಗುವಂಥದ್ದು" ಎಂಬ ವಾಕ್ಯವನ್ನು ನೀವೇ ಬರೆದುಕೊಟ್ಟಂತೆ. ನೋಡಿದವರು ಅದನ್ನೇ ಓದಿದರೆ ತಪ್ಪನ್ನು ಅವರ ಮೇಲೆ ಹೊರಿಸಲಾಗದು.

ಹಳೆಯ ಕಾಗದ

ಚೌಕಟ್ಟು ಅವರು ಹೇಳಿದ್ದು ಅರ್ಧ ನಿಜ. ಯುರೋಪಿನ ಅದೇ ಪರಂಪರೆಯಲ್ಲಿ ವಿವೇಕವನ್ನು ಹೆಣ್ಣಾಗಿ ಚಿತ್ರಿಸುವಾಗಲೂ ಕೈಗೆ ಕನ್ನಡಿಯನ್ನೇ ಕೊಡುತ್ತಿದ್ದರು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಹಾವು ಇದ್ದರೆ ಅವಳು ವಿವೇಕ. ತನ್ನನ್ನು ತಾನು ಅರಿಯುವವಳು ಎಂಬುದೇ ಅಲ್ಲಿ ಕನ್ನಡಿಗಿದ್ದ ಅರ್ಥ, ಅಂದರೆ ರೇಖಾಭ್ಯಾಸಿಯವರು ಬಯಸಿದ ಅರ್ಥ. ಕನ್ನಡಿಯ ಜೊತೆಗೆ ಬಾಚಣಿಗೆಯೋ ಒಡವೆಯ ಪೆಟ್ಟಿಗೆಯೋ ಬಂದಾಗ ಅದು ರೂಪಗರ್ವದ ಕಡೆಗೆ ಹೊರಳುತ್ತಿತ್ತು.

ಇನ್ನು 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯನ್ನು ನೆನೆಯಿರಿ. ಕನ್ನಡಿ ನೋಡಿಕೊಳ್ಳುತ್ತಿರುವ ಆ ಹೆಣ್ಣನ್ನು ಯಾರೂ ದೋಷದ ಮೂರ್ತಿಯೆಂದು ಓದುವುದಿಲ್ಲ. ಚೆಲುವು ಅಲ್ಲಿ ಮಂಗಳಕರವಾದದ್ದು, ಗುಡಿಯ ಹೊರಗೋಡೆಯ ಮೇಲೆ ಇರಬೇಕಾದದ್ದು. ಒಂದೇ ವಸ್ತುವಿಗೆ ಮೂರು ಅರ್ಥಗಳಾದವು. ಆದ್ದರಿಂದ ಕನ್ನಡಿಯ ಅರ್ಥವೇನು ಎಂದು ಕೇಳುವುದಕ್ಕಿಂತ, ಕನ್ನಡಿಯ ನೆರೆಯಲ್ಲಿ ಏನಿದೆ ಎಂದು ಕೇಳುವುದು ಲೇಸು.

ಎಡಗೈ

ಹಾಗಾದರೆ ಹೂವನ್ನು ಅಳಿಸಿ ಕನ್ನಡಿಯನ್ನು ಉಳಿಸಿಕೊಂಡರೆ ಸಮಸ್ಯೆ ಬಗೆಹರಿಯಿತಲ್ಲವೇ?

ಚೌಕಟ್ಟು

ಪೂರ್ತಿ ಬಗೆಹರಿಯುವುದಿಲ್ಲ. ಹಾವಿಲ್ಲದ ಕನ್ನಡಿಯನ್ನು ವಿವೇಕವೆಂದು ಗುರುತಿಸುವವರು ಇಂದು ಎಷ್ಟು ಮಂದಿ ಇದ್ದಾರೆ? ಪರಂಪರೆಯಲ್ಲಿ ಅರ್ಥವಿದೆ ಎಂಬುದು ಒಂದು ಮಾತು, ಆ ಅರ್ಥ ಇಂದಿನ ನೋಡುಗರ ನೆನಪಿನಲ್ಲಿ ಉಳಿದಿದೆಯೇ ಎಂಬುದು ಬೇರೆಯೇ ಮಾತು.

ಇದ್ದಿಲು

ಎರಡನೆಯ ಆಕ್ಷೇಪದ ಬಗ್ಗೆ ಯಾರೂ ಮಾತನಾಡಲಿಲ್ಲ. ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ.

ಸಂಕೇತಗಳಲ್ಲಿ ಎರಡು ಬಗೆಯವು ಇವೆ. ಕೆಲವು ಬಣ್ಣವನ್ನೇ ನಂಬಿಕೊಂಡಿರುತ್ತವೆ. ಯೇಸುವಿನ ತಾಯಿ ಮೇರಿಯ ಮೇಲುಹೊದಿಕೆಯ ನೀಲಿಯನ್ನೇ ನೋಡಿ. ಅಫ್ಘಾನಿಸ್ತಾನದ ಗಣಿಗಳಿಂದ ಬಂದ ರಾಜಾವರ್ತ ಶಿಲೆಯನ್ನು ಅರೆದು ತೆಗೆದ ಆ ಬಣ್ಣಕ್ಕೆ ಅದರ ಬೆಲೆಯೂ ಗೌರವವನ್ನು ತಂದುಕೊಡುತ್ತಿತ್ತು. ಅದನ್ನು ಪೆನ್ಸಿಲ್ಲಿನಲ್ಲಿ ಬರೆದರೆ ಉಳಿಯುವುದು ಒಂದು ಬೂದು ಬಟ್ಟೆ ಅಷ್ಟೆ. ಇನ್ನು ಕೆಲವು ಆಕಾರವನ್ನು ನಂಬಿದವು. ಪುಸ್ತಕ, ಬೀಗದ ಕೈ, ಹಕ್ಕಿ, ತೆರೆದ ಕಿಟಕಿ ಇವುಗಳಿಗೆ ಬಣ್ಣ ಬೇಕಾಗಿಲ್ಲ. ಆದ್ದರಿಂದ ಪೆನ್ಸಿಲ್ಲಿನಲ್ಲಿ ಸಂಕೇತ ಸಾಧ್ಯವೇ ಇಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ.

ಆದರೂ ಅಳಿಸಿ ಎಂದವರ ಪರವಾಗಿಯೇ ನಾನು ನಿಲ್ಲುತ್ತೇನೆ. ಕಾರಣ ಬೇರೆ. ಜರ್ಮನ್ ಚಿತ್ರಕಾರ ಆಲ್ಬ್ರೆಖ್ಟ್ ಡ್ಯೂರರ್ 1514ರ ಮಾರ್ಚ್ ತಿಂಗಳಿನಲ್ಲಿ ತನ್ನ ತಾಯಿ ಬಾರ್ಬರಾಳನ್ನು ಇದ್ದಿಲಿನಲ್ಲಿ ಬರೆದ. ಅವಳಿಗೆ ಆಗ 63 ವರ್ಷ. ಹದಿನೆಂಟು ಮಕ್ಕಳನ್ನು ಹೆತ್ತು, ಅವರಲ್ಲಿ ಹೆಚ್ಚಿನವರನ್ನು ಕಳೆದುಕೊಂಡವಳು. ಚಿತ್ರದಲ್ಲಿ ಜಪಮಾಲೆಯಿಲ್ಲ, ತಲೆಬುರುಡೆಯಿಲ್ಲ, ದೀಪವಿಲ್ಲ. ಗುಳಿಬಿದ್ದ ಕೆನ್ನೆ, ಎದ್ದುಕಾಣುವ ಕತ್ತಿನ ನರಗಳು, ಒಂದೊಂದು ಕಡೆ ನೆಟ್ಟಂತಿರುವ ಕಣ್ಣುಗಳು, ಹಣೆಯ ಗೆರೆಗಳು ಮಾತ್ರ ಇವೆ. ಎರಡು ತಿಂಗಳಲ್ಲಿ ಅವಳು ತೀರಿಕೊಂಡಳು. ಅನಿತ್ಯತೆಯನ್ನು ಹೇಳಲು ಅವನಿಗೆ ಬಾಡಿದ ಹೂವು ಬೇಕಾಗಲಿಲ್ಲ, ಹಣೆಯೇ ಸಾಕಾಯಿತು. ಜರ್ಮನ್ ಕಲಾವಿದೆ ಕೇಟೆ ಕೋಲ್‌ವಿಟ್ಸ್ ತನ್ನ ಮುಖವನ್ನು ಯೌವನದಿಂದ ಮುಪ್ಪಿನವರೆಗೆ ಮತ್ತೆ ಮತ್ತೆ ಬರೆದಾಗಲೂ ಹಣೆಗೆ ಆನಿಸಿದ ಕೈಗಿಂತ ಹೆಚ್ಚಿನ ಸಾಮಗ್ರಿಯನ್ನು ಸಾಮಾನ್ಯವಾಗಿ ಕೇಳಲಿಲ್ಲ.

ನಮ್ಮ ಪ್ರಾಚೀನ ಚಿತ್ರಶಾಸ್ತ್ರವೂ ಇದನ್ನೇ ಹೇಳುತ್ತದೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಒಂದು ಶ್ಲೋಕವಿದೆ. ಆಚಾರ್ಯರು ರೇಖೆಯನ್ನು ಹೊಗಳುತ್ತಾರೆ, ಬಲ್ಲವರು ವರ್ತನೆಯನ್ನು ಅಂದರೆ ನೆರಳು-ಉಬ್ಬುಗಳ ಕೆಲಸವನ್ನು ಮೆಚ್ಚುತ್ತಾರೆ, ಹೆಂಗಸರು ಆಭರಣವನ್ನು ಬಯಸುತ್ತಾರೆ, ಉಳಿದ ಜನ ಬಣ್ಣದ ಸಿರಿಯನ್ನು ಬಯಸುತ್ತಾರೆ ಎಂಬುದು ಅದರ ಭಾವ. ಪೆನ್ಸಿಲ್ ಹಿಡಿದವರಿಗೆ ಮೊದಲೆರಡು ದಕ್ಕಿವೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಹಂಬಲಿಸುವುದೇಕೆ?

ನೆರಳುಬೆಳಕು

ಇದ್ದಿಲು ಅವರೇ, ಶ್ಲೋಕದ ಮೊದಲ ಸಾಲು ನನಗೂ ಪ್ರಿಯವಾದದ್ದು. ಆದರೆ "ಹೆಂಗಸರು ಆಭರಣವನ್ನು ಬಯಸುತ್ತಾರೆ" ಎಂಬ ತುಣುಕನ್ನು ತಾವು ತಡೆಯಿಲ್ಲದೆ ದಾಟಿಹೋದಿರಿ. ನಾವು ಚರ್ಚಿಸುತ್ತಿರುವ ವಿಷಯದ ತಿರುಳು ಅಲ್ಲಿಯೇ ಇದೆ. ಹೆಣ್ಣಿನ ಭಾವಚಿತ್ರದ ಪರಂಪರೆಯಲ್ಲಿ ಅವಳು ಏನನ್ನು ಬಯಸುತ್ತಾಳೆ ಎಂಬುದನ್ನು ಬಹುಮಟ್ಟಿಗೆ ಇತರರೇ ಹೇಳಿದ್ದಾರೆ.

15ನೆಯ ಶತಮಾನದ ಫ್ಲಾರೆನ್ಸಿನಲ್ಲಿ ಹೆಂಗಸರ ಭಾವಚಿತ್ರಗಳು ಹೆಚ್ಚಾಗಿ ಮದುವೆಯ ಸಂದರ್ಭಕ್ಕೆ ಅಂಟಿಕೊಂಡಿದ್ದವು. ಅಲ್ಲಿನ ಚಿತ್ರಕಾರ ಗಿರ್ಲಾಂದಾಯೊ ಚಿತ್ರಿಸಿದ ಜೊವಾನ್ನಾ ತೊರ್ನಾಬುವೊನಿಯ ಚಿತ್ರವನ್ನು ನೋಡಿ. ಅದರಲ್ಲಿ 1488 ಎಂಬ ವರ್ಷ ಬರೆದಿದೆ, ಅವಳು ಹೆರಿಗೆಯ ಸಂದರ್ಭದಲ್ಲಿ ತೀರಿಕೊಂಡದ್ದೂ ಅದೇ ವರ್ಷ. ಅವಳ ಮುಖ ಪೂರ್ತಿ ಪಕ್ಕಕ್ಕೆ ತಿರುಗಿದೆ. ನಾವು ಅವಳನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಅವಳು ನಮ್ಮನ್ನು ನೋಡಲಾರಳು. ಹಿಂದಿನ ಗೂಡಿನಲ್ಲಿ ಒಡವೆ, ಪ್ರಾರ್ಥನೆಯ ಪುಸ್ತಕ, ಹವಳದ ಮಾಲೆ ಇವೆ. ಒಂದು ಮನೆತನದ ಸಿರಿ, ಭಕ್ತಿ, ಶೀಲ ಎಲ್ಲವನ್ನೂ ಅವಳ ಸುತ್ತ ಜೋಡಿಸಿಟ್ಟಿದ್ದಾರೆ. ಅದೇ ಚಿತ್ರದಲ್ಲಿ ಅಂಟಿಸಿದಂತೆ ಬರೆದ ಚೀಟಿಯೊಂದಿದ್ದು, ಎಲೈ ಕಲೆಯೇ, ನಡತೆಯನ್ನೂ ಮನಸ್ಸನ್ನೂ ಚಿತ್ರಿಸುವ ಶಕ್ತಿ ನಿನಗಿದ್ದಿದ್ದರೆ ಜಗತ್ತಿನಲ್ಲಿ ಇದಕ್ಕಿಂತ ಚೆಲುವಾದ ಚಿತ್ರ ಇರುತ್ತಿರಲಿಲ್ಲ ಎಂಬರ್ಥದ ಲ್ಯಾಟಿನ್ ಸಾಲುಗಳು ಅದರಲ್ಲಿವೆ. ಸುತ್ತ ಅಷ್ಟು ಸಂಕೇತಗಳನ್ನು ಇಟ್ಟ ಮೇಲೂ ಮನಸ್ಸು ಸಿಕ್ಕಲಿಲ್ಲವೆಂದು ಚಿತ್ರವೇ ಒಪ್ಪಿಕೊಳ್ಳುತ್ತದೆ. ಆ ಚೀಟಿಯ ಬಗ್ಗೆ ಓದಿದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ.

ಚೌಕಟ್ಟು

ಡ್ಯೂರರನ ತಾಯಿಯ ಚಿತ್ರದಲ್ಲಿ ಸಂಕೇತವೇ ಇಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಅವಳ ತಲೆಯನ್ನು ಸುತ್ತಿದ ವಸ್ತ್ರವು ಗೃಹಿಣಿಯ ಗುರುತು, ಆ ಊರಿನ ಆ ಕಾಲದ ಯಾರಿಗಾದರೂ ಅದು ತಿಳಿಯುತ್ತಿತ್ತು. ಅಲ್ಲದೆ ಕಾಗದದ ಮೇಲೆಯೇ ಮಗ ಅವಳ ವಯಸ್ಸನ್ನು ಬರೆದ, ಆಮೇಲೆ ಅವಳ ಸಾವಿನ ಸಂಗತಿಯನ್ನೂ ಸೇರಿಸಿದ. ಆ ಬರಹವನ್ನು ಓದಿದ ಮೇಲೆ ಹಣೆಯ ಗೆರೆಗಳು ನಮಗೆ ಬೇರೆಯಾಗಿ ಕಾಣುತ್ತವೆ. ಬರಿಯ ಮುಖ ಎಂಬುದು ಎಲ್ಲಿಯೂ ಇಲ್ಲ.

ಇದ್ದಿಲು

ತಲೆವಸ್ತ್ರದ ಮಾತನ್ನು ಒಪ್ಪುತ್ತೇನೆ. ಆದರೆ ಅವಳು ದಿನವೂ ಉಟ್ಟದ್ದಕ್ಕೂ ಚಿತ್ರಕಾರ ತಂದಿಟ್ಟದ್ದಕ್ಕೂ ವ್ಯತ್ಯಾಸವಿದೆ.

ಹಳೆಯ ಕಾಗದ

ನೆರಳುಬೆಳಕು ಅವರ ಮಾತಿಗೆ ಒಂದು ಸೇರ್ಪಡೆ. ಪಕ್ಕದ ಮುಖದ ಆ ಸಂಪ್ರದಾಯ ಅದಕ್ಕೂ ಹಿಂದೆಯೇ ಒಮ್ಮೆ ಮುರಿದಿತ್ತು. ಲಿಯೊನಾರ್ಡೊ ಸುಮಾರು 1474ರಿಂದ 1478ರ ನಡುವೆ ಚಿತ್ರಿಸಿದ ಜಿನೆವ್ರಾ ದೆ ಬೆಂಚಿಯ ಮುಖ ಮುಕ್ಕಾಲು ಭಾಗ ನಮ್ಮ ಕಡೆಗಿದೆ. ಅವಳ ತಲೆಯ ಹಿಂದೆ ಜೂನಿಪರ್ ಪೊದೆ ದಟ್ಟವಾಗಿ ಹಬ್ಬಿದೆ. ಆ ಗಿಡ ಶೀಲದ ಸಂಕೇತವೆಂದು ಆಗ ನಂಬಿದ್ದರು, ಜೊತೆಗೆ ಇಟಾಲಿಯನ್ ಭಾಷೆಯಲ್ಲಿ ಅದರ ಹೆಸರು 'ಜಿನೆಪ್ರೊ' ಎಂದಿರುವುದರಿಂದ ಅವಳ ಹೆಸರಿನ ಶ್ಲೇಷೆಯೂ ಆಯಿತು. ಸಂಕೇತವು ಪರಂಪರೆಗೂ ಸೇರಿದೆ, ಅವಳೊಬ್ಬಳಿಗೇ ಸೇರಿದ್ದೂ ಆಗಿದೆ. ಬೇರೆ ಹೆಂಗಸಿನ ಹಿಂದೆ ಅದೇ ಪೊದೆಯನ್ನಿಟ್ಟರೆ ಅರ್ಧ ಅರ್ಥ ಉದುರಿಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಒಳ್ಳೆಯ ಸಂಕೇತದ ಲಕ್ಷಣ ಇದು. ರೇಖಾಭ್ಯಾಸಿಯವರ ಕನ್ನಡಿಯನ್ನು ಯಾವ ಹೆಂಗಸಿನ ಪಕ್ಕದಲ್ಲಿ ಬೇಕಾದರೂ ಇಡಬಹುದು, ಅದರ ಕೊರತೆ ಅಲ್ಲಿದೆ.

ಸಣ್ಣ ಗೆರೆ

ವಿಷಯದಿಂದ ತುಸು ಪಕ್ಕಕ್ಕೆ ಸರಿದು ಒಂದು ತಿದ್ದುಪಡಿ ಹೇಳುತ್ತೇನೆ. ಇಲ್ಲಿ ಹೆಸರಿಸಿದ ಹಳೆಯ ಚಿತ್ರಗಳಲ್ಲಿ ಒಂದೂ ಪೆನ್ಸಿಲ್ಲಿನದಲ್ಲ. ಗ್ರಾಫೈಟ್ ಇಂಗ್ಲೆಂಡಿನ ಬಾರೊಡೇಲಿನಲ್ಲಿ ಸಿಕ್ಕಿ ಬಳಕೆಗೆ ಬಂದದ್ದು 16ನೆಯ ಶತಮಾನದಲ್ಲಿ. ಅದನ್ನು ಸೀಸದ ಒಂದು ಬಗೆಯೆಂದೇ ಜನ ತಿಳಿದಿದ್ದರು. ಅದು ಇಂಗಾಲದ ರೂಪವೆಂದು ರಸಾಯನವಿಜ್ಞಾನಿ ಶೀಲೆ ತೋರಿಸಿಕೊಟ್ಟದ್ದು 1779ರಲ್ಲಿ. ನಾವು ಇಂದಿಗೂ ಸೀಸದ ಕಡ್ಡಿ ಎನ್ನುವುದು ಆ ಹಳೆಯ ತಪ್ಪಿನ ಉಳಿಕೆ. ಯುದ್ಧದ ಕಾರಣ ಫ್ರಾನ್ಸಿಗೆ ಇಂಗ್ಲೆಂಡಿನ ಗ್ರಾಫೈಟ್ ಬರುವುದು ನಿಂತಾಗ, ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನವನ್ನು ಅಲ್ಲಿನ ಕೊಂತೆ ಎಂಬಾತ 1795ರಲ್ಲಿ ಕಂಡುಹಿಡಿದ. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಕಡಿಮೆಯಾದರೆ ಮೆತು. ನಮ್ಮ 2ಎಚ್, ಎಚ್‌ಬಿ, 6ಬಿ ಕಡ್ಡಿಗಳು ಇಂದಿಗೂ ಆ ವಿಧಾನದಲ್ಲಿಯೇ ತಯಾರಾಗುತ್ತವೆ.

ಅದಕ್ಕೂ ಹಿಂದಿನವರು ಬೆಳ್ಳಿಯ ಮೊನೆಯಿಂದ ಬರೆಯುತ್ತಿದ್ದರು, ಎಳೆದ ಗೆರೆಯನ್ನು ಅಳಿಸುವುದು ಬಹುತೇಕ ಆಗದ ಮಾತಾಗಿತ್ತು. ಪೆನ್ಸಿಲ್ಲಿನ ಪರಂಪರೆ ಇದಕ್ಕೆ ತದ್ವಿರುದ್ಧ. ಮನಸ್ಸು ಬದಲಿಸಲು ಅವಕಾಶವಿರುವ ಸಾಧನ ಇದು. ಆದ್ದರಿಂದ ಕನ್ನಡಿಯನ್ನು ಅಳಿಸುವುದಕ್ಕೆ ರೇಖಾಭ್ಯಾಸಿಯವರು ಇಷ್ಟು ಹಿಂಜರಿಯಬೇಕಾಗಿಲ್ಲ.

ರೇಖಾಭ್ಯಾಸಿ

ಎಲ್ಲರ ಮಾತುಗಳನ್ನೂ ಎರಡೆರಡು ಸಲ ಓದಿದೆ. ಹೂವಿನ ಬಗ್ಗೆ ಚೌಕಟ್ಟು ಅವರು ಹೇಳಿದ್ದು ನೇರವಾಗಿ ನಾಟಿತು. ನಿನ್ನೆ ರಾತ್ರಿ ಹೂವನ್ನು ಅಳಿಸಿದೆ. ಕಳೆದ ಕಾಲವನ್ನು ತೋರಿಸಲು ಹೂವು ಬೇಕು ಎಂದುಕೊಂಡಿದ್ದೆ, ಆದರೆ ಅವರ ಕೈಯ ಬೆರಳುಗಳನ್ನು ಬರೆಯುವಾಗಲೇ ಅದು ತಾನಾಗಿ ಬಂದುಬಿಟ್ಟಿತ್ತು.

ಕನ್ನಡಿಯನ್ನು ಮಾತ್ರ ಬಿಟ್ಟುಕೊಡಲು ಮನಸ್ಸಾಗುತ್ತಿಲ್ಲ. ಪರಂಪರೆ ಒಂದು ಅರ್ಥ ಕೊಟ್ಟಿದೆ ಎಂದ ಮಾತ್ರಕ್ಕೆ ಅದಕ್ಕೆ ತಲೆಬಾಗಬೇಕೇ? ಹೊಸ ಅರ್ಥವನ್ನು ಕೊಡುವ ಹಕ್ಕು ಇಂದು ಬರೆಯುವವರಿಗೆ ಇಲ್ಲವೇ?

ನೆರಳುಬೆಳಕು

ಖಂಡಿತ ಇದೆ, ಮತ್ತು ಅದಕ್ಕೆ ಬಹಳ ಒಳ್ಳೆಯ ನಿದರ್ಶನವೂ ಇದೆ. ಚೆಸಾರೆ ರೀಪಾ ಎಂಬಾತ ಗುಣಗಳನ್ನೂ ಕಲೆಗಳನ್ನೂ ಯಾವ ರೂಪದಲ್ಲಿ, ಯಾವ ಚಿಹ್ನೆಗಳೊಡನೆ ಚಿತ್ರಿಸಬೇಕೆಂದು ತಿಳಿಸುವ ಒಂದು ಕೋಶವನ್ನು 1593ರಲ್ಲಿ ಪ್ರಕಟಿಸಿದ. ಅದರಂತೆ ಚಿತ್ರಕಲೆಯು ಒಬ್ಬ ಹೆಂಗಸು. ಕೆದರಿದ ಕಪ್ಪು ಕೂದಲು, ಕತ್ತಿನಲ್ಲಿ ಮುಖವಾಡದ ಪದಕವಿರುವ ಚಿನ್ನದ ಸರ, ಬಣ್ಣ ಬದಲಿಸುವ ಬಟ್ಟೆ, ಮತ್ತು ಬಾಯಿಗೆ ಬಿಗಿದ ವಸ್ತ್ರ. ಚಿತ್ರಕಲೆ ಮೂಕವಾದದ್ದು ಎಂಬುದಕ್ಕೆ ಆ ವಸ್ತ್ರ ಗುರುತು.

ಸುಮಾರು 1638-39ರಲ್ಲಿ ಇಟಲಿಯ ಕಲಾವಿದೆ ಆರ್ತೆಮಿಸಿಯಾ ಜೆಂತಿಲೆಸ್ಕಿ ತನ್ನನ್ನೇ ಚಿತ್ರಕಲೆಯ ಮೂರ್ತಿಯನ್ನಾಗಿ ಚಿತ್ರಿಸಿಕೊಂಡಳು. ಕೂದಲು ಕೆದರಿದೆ, ಸರವಿದೆ, ಮುಖವಾಡದ ಪದಕವಿದೆ, ಬಟ್ಟೆಯೂ ಹೇಳಿದಂತೆಯೇ ಇದೆ. ಬಾಯಿಗೆ ಬಿಗಿದ ವಸ್ತ್ರ ಮಾತ್ರ ಇಲ್ಲ. ಅವಳು ಪರಂಪರೆಯನ್ನು ಕಲಿತು, ಅದರ ಪ್ರತಿಯೊಂದು ಅಂಶವನ್ನೂ ಎತ್ತಿ ನೋಡಿ, ತನಗೆ ಒಪ್ಪದ ಒಂದನ್ನು ಕೆಳಗಿಟ್ಟಳು. ಉಳಿದದ್ದೆಲ್ಲ ಇರುವುದರಿಂದಲೇ ಬಿಟ್ಟದ್ದು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕೆನಿಸುತ್ತದೆ. ರೋಮಿನ ಪ್ಲಿನಿ ದಾಖಲಿಸಿದ ಕಥೆಯಂತೆ, ಊರು ಬಿಟ್ಟು ಹೊರಟಿದ್ದ ಪ್ರಿಯನ ಮುಖದ ನೆರಳು ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಬಿದ್ದಾಗ, ಅದರ ಸುತ್ತ ಗೆರೆ ಎಳೆದವಳು ಕುಂಬಾರ ಬುಟಾಡೆಸನ ಮಗಳು. ತಂದೆ ಅದಕ್ಕೆ ಜೇಡಿಮಣ್ಣು ತುಂಬಿ ಸುಟ್ಟು ಮೂರ್ತಿ ಮಾಡಿದ. ಕಥೆಯಲ್ಲಿ ಹೆಸರು ಉಳಿದದ್ದು ತಂದೆಯದು. ಆದರೂ ಗೆರೆಯ ಭಾವಚಿತ್ರದ ಮೊದಲ ಕೈ ಹೆಣ್ಣಿನದೆಂದು ಆ ಕಥೆ ಹೇಳುತ್ತದೆ.

ಇದ್ದಿಲು

ಆರ್ತೆಮಿಸಿಯಾ ತನ್ನ ಚಿತ್ರವನ್ನು ತಾನೇ ಬರೆದುಕೊಂಡಳು. ಬಾಯಿಯ ವಸ್ತ್ರವನ್ನು ತೆಗೆಯುವ ಹಕ್ಕು ಅವಳಿಗೆ ಎರಡು ಕಡೆಯಿಂದಲೂ ಇತ್ತು. ರೇಖಾಭ್ಯಾಸಿಯವರು ಬರೆಯುತ್ತಿರುವುದು ಬೇರೆಯವರ ಮುಖವನ್ನು. ಇಲ್ಲಿ ಪರಂಪರೆ ಒಂದು ಅರ್ಥ ಹೇಳುತ್ತಿದೆ, ಬರೆಯುವವರು ಇನ್ನೊಂದು ಅರ್ಥ ಹೇಳುತ್ತಿದ್ದಾರೆ. ಕುಳಿತವರ ಮಾತು ಇದುವರೆಗೂ ಚರ್ಚೆಯೊಳಗೆ ಬಂದಿಲ್ಲ.

ಎಡಗೈ

ಈ ಮಾತಿಗಾಗಿಯೇ ಕಾಯುತ್ತಿದ್ದೆ. ನನ್ನದೊಂದು ಅನುಭವ ಹೇಳುತ್ತೇನೆ. ಹತ್ತು ವರ್ಷಗಳ ಹಿಂದೆ ನನ್ನ ಅಜ್ಜಿಯನ್ನು ಪೆನ್ಸಿಲ್ಲಿನಲ್ಲಿ ಬರೆದೆ. ಅವರ ಪಕ್ಕದಲ್ಲಿ ಎತ್ತರದ ದೀಪವೊಂದನ್ನು ಇಟ್ಟು ಅದರ ಬೆಳಕು ಅವರ ಮುಖದ ಮೇಲೆ ಬೀಳುವಂತೆ ಮಾಡಿದೆ. ಜ್ಞಾನ, ತಾಯ್ತನ, ಮನೆಯ ಬೆಳಕು ಎಂದೆಲ್ಲ ಮನಸ್ಸಿನಲ್ಲಿ ವಿವರಣೆ ಸಿದ್ಧವಾಗಿತ್ತು. ಅಜ್ಜಿ ಚಿತ್ರವನ್ನು ಬಹಳ ಹೊತ್ತು ನೋಡಿ, "ಮುಖ ನನ್ನದೇ, ಈ ದೀಪ ಯಾರ ಮನೆಯದು?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಅಂಥ ದೀಪ ಎಂದೂ ಇರಲಿಲ್ಲ. ನಾನು ಕಂಡ ಇನ್ನಾವುದೋ ಚಿತ್ರದಿಂದ ಅದನ್ನು ತಂದಿದ್ದೆ. ಅವರು ಬೇಸರದಿಂದ ಕೇಳಿದ್ದಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದು. ನನ್ನಲ್ಲಿ ಉತ್ತರವಿರಲಿಲ್ಲ. ಆ ಚಿತ್ರ ಇಂದಿಗೂ ನನ್ನಲ್ಲಿದೆ. ಅವರು ಈಗ ಇಲ್ಲ. ಅವರದಲ್ಲದ ದೀಪದ ಬೆಳಕಿನಲ್ಲಿ ಅವರ ಮುಖವನ್ನು ನೋಡಬೇಕಾಗಿ ಬಂದಿರುವುದು ನನಗೆ ಇಂದಿಗೂ ನೋವಿನ ಸಂಗತಿ.

ನಿಮ್ಮ ಚಿಕ್ಕಮ್ಮನನ್ನು ಕನ್ನಡಿಯ ಬಗ್ಗೆ ಕೇಳಿದ್ದೀರಾ?

ರೇಖಾಭ್ಯಾಸಿ

ಕೇಳಿರಲಿಲ್ಲ. ಮುಗಿಸಿ ತೋರಿಸೋಣ ಎಂದುಕೊಂಡಿದ್ದೆ. ಎಡಗೈ ಅವರ ಬರಹವನ್ನು ಓದಿದ ಮರುದಿನವೇ ಚಿತ್ರವನ್ನು ಅವರ ಮುಂದಿಟ್ಟೆ.

ಅವರು ಮೊದಲು ಪುಸ್ತಕವನ್ನು ನೋಡಿ, ಅದನ್ನೇಕೆ ಮುಚ್ಚಿದ್ದೀಯೆಂದು ಕೇಳಿದರು. ಆಮೇಲೆ ಕನ್ನಡಿಯತ್ತ ಬೆರಳು ತೋರಿಸಿ, "ನಾನು ಕನ್ನಡಿ ಹಿಡಿದು ಕೂತಿದ್ದನ್ನು ನೀನು ಯಾವಾಗ ಕಂಡೆ?" ಎಂದರು. ಆತ್ಮಪರೀಕ್ಷೆಯ ಸಂಕೇತವೆಂದು ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ನಂತರ ಅವರು ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿಯೇ ಇರಲಿಲ್ಲ. "ಎಲ್ಲ ಸರಿ, ನನ್ನ ಕನ್ನಡಕ ಎಲ್ಲಿ?"

ಅವರು ಕುಳಿತ ಮೊದಲ ದಿನವೇ ಕನ್ನಡಕ ತೆಗೆಯಿರಿ ಎಂದು ಹೇಳಿದವಳು ನಾನೇ. ಗಾಜಿನ ಮೇಲಿನ ಪ್ರತಿಫಲನ ಕಣ್ಣನ್ನು ಮರೆಮಾಡುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಇಂದು ಒಪ್ಪಿಕೊಳ್ಳುತ್ತೇನೆ. ನಾನು ಮೆಚ್ಚಿ ನೋಡಿದ ಹಳೆಯ ಭಾವಚಿತ್ರಗಳಲ್ಲಿ ಯಾವ ಹೆಂಗಸೂ ಕನ್ನಡಕ ಹಾಕಿರಲಿಲ್ಲ. ಅವರ ವೃತ್ತಿಜೀವನವೆಲ್ಲ ಆ ಗಾಜಿನ ಮೂಲಕ ಸಾಗಿದೆ. ಇತರರ ಕಣ್ಣಿಗೆ ಬೀಳದ ತಪ್ಪುಗಳನ್ನು ಅವರು ಹುಡುಕಿ ತಿದ್ದಿದ್ದು ಅದರಿಂದಲೇ. ನಾನು ಅದನ್ನು ತೆಗೆಸಿ, ಅದರ ಜಾಗದಲ್ಲಿ ನನ್ನದೊಂದು ಕನ್ನಡಿಯನ್ನು ಇಟ್ಟಿದ್ದೆ.

ಹಳೆಯ ಕಾಗದ

ಕನ್ನಡಿ ಹೋಗಿ ಕನ್ನಡಕ ಬಂತು. ಜಿನೆವ್ರಾಳ ಹಿಂದಿನ ಗಿಡದಂತೆ ಇದೂ ಶ್ಲೇಷೆಯೇ ಆಯಿತು, ಅದೂ ನಮ್ಮ ನುಡಿಯಲ್ಲಿ ಸಾಧ್ಯವಾಗುವಂಥದ್ದು. ಒಂದು ತನ್ನನ್ನು ನೋಡಿಕೊಳ್ಳುವ ಸಾಧನ, ಇನ್ನೊಂದು ಹೊರಗಿನದನ್ನು ನೋಡುವ ಸಾಧನ. ಇದನ್ನು ಯಾರೂ ಯೋಚಿಸಿ ತಂದದ್ದಲ್ಲ ಎಂಬುದೇ ಇದರ ಬಲ.

ಚೌಕಟ್ಟು

ಮನಸ್ಸಿಗೆ ತಟ್ಟಿತು. ಆದರೂ ಕನ್ನಡಕಕ್ಕೆ ಪರಂಪರೆ ಇಲ್ಲವೆಂದು ತಿಳಿಯಬೇಡಿ. ಚಿತ್ರದಲ್ಲಿ ಕಾಣಿಸಿಕೊಂಡ ಕನ್ನಡಕಗಳಲ್ಲಿ ನಮಗೆ ತಿಳಿದಿರುವ ಅತ್ಯಂತ ಹಳೆಯದು ಇಟಲಿಯ ತ್ರೆವಿಜೊದಲ್ಲಿದೆ. ತೊಮ್ಮಾಸೊ ದ ಮೋದೆನಾ 1352ರಲ್ಲಿ ಬರೆದ ಭಿತ್ತಿಚಿತ್ರದಲ್ಲಿ ಹ್ಯೂ ಎಂಬ ಕಾರ್ಡಿನಲ್ ಕನ್ನಡಕ ಧರಿಸಿ ಬರೆಯುತ್ತ ಕುಳಿತಿದ್ದಾನೆ. ಆತ ತೀರಿಕೊಂಡದ್ದು 1263ರಲ್ಲಿ, ಕನ್ನಡಕ ಬಳಕೆಗೆ ಬಂದದ್ದು ಅದಾದ ಮೇಲೆ. ಅಂದರೆ ಅಲ್ಲಿಯೂ ಕನ್ನಡಕವನ್ನು ವಿದ್ವತ್ತಿನ ಸಂಕೇತವಾಗಿ ಚಿತ್ರಕಾರನೇ ತೊಡಿಸಿದ್ದು, ಎಡಗೈ ಅವರ ಅಜ್ಜಿಯ ದೀಪದಂತೆ. ನಿಮ್ಮ ಚಿಕ್ಕಮ್ಮನ ಕನ್ನಡಕದ ವಿಷಯ ಹಾಗಲ್ಲ. ಇಷ್ಟು ಹೊತ್ತು ಪರಂಪರೆಯ ಪರವಾಗಿ ವಾದಿಸಿದ ನಾನು ಈ ವ್ಯತ್ಯಾಸವನ್ನು ಒಪ್ಪಿಕೊಳ್ಳುತ್ತೇನೆ. ನೋಡುವವರು ವಿದ್ವತ್ತು ಎಂದು ಓದಿದರೂ ಸರಿಯೇ, ಅದು ಅವರದೇ ವಸ್ತು ಎಂದು ಓದಿದರೂ ಸರಿಯೇ.

ರೇಖಾಭ್ಯಾಸಿ

ಈಗ ಕೈಕೆಲಸದ ಕಷ್ಟ ಎದುರಾಗಿದೆ. ಕಣ್ಣುಗಳ ಕೆಲಸ ಮುಗಿದಿದೆ. ರೆಪ್ಪೆಯ ಕೆಳಗಿನ ನೆರಳಿಗೆ 6ಬಿ ಕಡ್ಡಿಯನ್ನು ಒತ್ತಿ ಬಳಸಿದ್ದರಿಂದ ಅಲ್ಲಿ ಕಾಗದದ ತರಿಯೆಲ್ಲ ಸವೆದು ಮಿನುಗುತ್ತಿದೆ. ಅದರ ಮೇಲೆ ಇನ್ನೊಂದು ಗೆರೆ ಹಿಡಿಯುತ್ತಿಲ್ಲ, ರಬ್ಬರ್ ಹಾಕಿದರೆ ಕೊಳೆಯಂತೆ ಹರಡುತ್ತದೆ. ಕಣ್ಣಿನ ಮೇಲೆ ಕನ್ನಡಕವನ್ನು ಬರೆಯುವುದು ಹೇಗೆ? ಅದನ್ನು ಪುಸ್ತಕದ ಮೇಲೆ ಮಡಿಸಿ ಇಟ್ಟರೆ ಸಾಕೇ?

ಸಣ್ಣ ಗೆರೆ

ಪುಸ್ತಕದ ಮೇಲೆ ಇಟ್ಟರೆ ಅದು ಮತ್ತೆ ಮೇಜಿನ ಮೇಲಿನ ಸಂಕೇತವಾಗಿಬಿಡುತ್ತದೆ, ಕನ್ನಡಿಯ ಜಾಗಕ್ಕೆ ಬಂದು ಕೂರುತ್ತದೆ. ಮುಖದ ಮೇಲೆಯೇ ಇರಲಿ.

ಅವರು ಹತ್ತಿರದ್ದನ್ನು ಓದಲು ಕನ್ನಡಕ ಬಳಸುವವರಾದರೆ, ಅದು ಮೂಗಿನ ಮೇಲೆ ತುಸು ಕೆಳಗೆ ಜಾರಿರಲಿ. ಓದುತ್ತಿದ್ದವರು ತಲೆಯೆತ್ತಿ ಯಾರನ್ನಾದರೂ ನೋಡುವಾಗ ಕನ್ನಡಕದ ಚೌಕಟ್ಟಿನ ಮೇಲಿನಿಂದ ನೋಡುತ್ತಾರೆ. ಆಗ ನೀವು ಬರೆದಿರುವ ಕಣ್ಣುಗಳನ್ನು ಮುಟ್ಟಬೇಕಾಗಿಯೇ ಇಲ್ಲ, ಮಿನುಗುವ ಜಾಗವೂ ಹಾಗೆಯೇ ಉಳಿಯುತ್ತದೆ. ಗಾಜು ಬರುವುದು ಕೆನ್ನೆಯ ಮೇಲ್ಭಾಗಕ್ಕೆ, ಅಲ್ಲಿ ಕಾಗದ ಇನ್ನೂ ಚೆನ್ನಾಗಿದೆಯೆಂದು ಭಾವಿಸುತ್ತೇನೆ.

ಮೊದಲು ಚಿತ್ರದ ಮೇಲೆ ಪಾರದರ್ಶಕ ಕಾಗದವನ್ನು ಹಾಸಿ ಚೌಕಟ್ಟಿನ ಜಾಗವನ್ನು ಅದರ ಮೇಲೆ ನಿಗದಿಪಡಿಸಿಕೊಳ್ಳಿ. ಚೌಕಟ್ಟನ್ನು ಸುತ್ತಲೂ ಒಂದೇ ಗಾಢತೆಯ ಗೆರೆಯಲ್ಲಿ ಬರೆಯಬೇಡಿ, ಬೆಳಕು ಬೀಳುವ ಕಡೆ ಗೆರೆ ಕಳೆದುಹೋಗಲಿ. ಓದುವ ಕನ್ನಡಕದ ಉಬ್ಬುಗಾಜು ತನ್ನ ಹಿಂದಿನದನ್ನು ದೊಡ್ಡದಾಗಿ ತೋರಿಸುವುದರಿಂದ, ಗಾಜಿನೊಳಗೆ ಕಾಣುವ ಕೆನ್ನೆಯ ಅಂಚು ಹೊರಗಿನ ಅಂಚಿಗಿಂತ ಸ್ವಲ್ಪ ಆಚೆಗೆ ಸರಿದಿರುತ್ತದೆ. ಆ ಒಂದು ಮುರಿವನ್ನು ಸರಿಯಾಗಿ ಬರೆದರೆ ಗಾಜು ಇದೆಯೆಂದು ಕಣ್ಣು ನಂಬುತ್ತದೆ. ಚೌಕಟ್ಟಿನ ನೆರಳು ಕೆನ್ನೆಯ ಮೇಲೆ ತೆಳುವಾಗಿ ಬೀಳಲಿ. ಹೊಳಪಿಗೆ ಹಿಟ್ಟಿನಂತೆ ನಾದಬಹುದಾದ ರಬ್ಬರನ್ನು ಮೊನೆ ಮಾಡಿ ಒಂದೊಂದು ಗಾಜಿಗೆ ಒಂದೇ ಸಲ ಒತ್ತಿ ಎತ್ತಿ, ಉಜ್ಜಬೇಡಿ.

ನೆರಳುಬೆಳಕು

ಚೌಕಟ್ಟಿನ ಮೇಲಿನಿಂದ ನೋಡುವ ನೋಟ ಎಂದರೆ, ಜೊವಾನ್ನಾಳಿಗೆ ಸಿಗದೆ ಹೋದದ್ದು ಇವರಿಗೆ ಸಿಕ್ಕಿತು. ಚಿತ್ರ ನೋಡಲು ಬಂದವರನ್ನು ಇವರು ತಿರುಗಿ ನೋಡುತ್ತಾರೆ, ಕರಡು ನೋಡುವ ಕಣ್ಣಿನಿಂದ.

ಇದ್ದಿಲು

ಕನ್ನಡಿ ಏನಾಯಿತು?

ರೇಖಾಭ್ಯಾಸಿ

ಅಳಿಸಿದೆ. ಗಟ್ಟಿ ಕಡ್ಡಿಯಲ್ಲಿ ಬರೆದಿದ್ದರಿಂದ ಅದರ ದುಂಡು ಅಂಚು ಕಾಗದದಲ್ಲಿ ತಗ್ಗಾಗಿ ಉಳಿದಿದೆ, ಬೆಳಕನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಅದನ್ನು ಮುಚ್ಚುವ ಪ್ರಯತ್ನ ಮಾಡುವುದಿಲ್ಲ.

ಸಣ್ಣ ಗೆರೆ ಅವರು ಹೇಳಿದ ನೋಟ ನನಗೆ ಚಿಕ್ಕಂದಿನಿಂದಲೂ ಗೊತ್ತಿರುವಂಥದ್ದು. ಶಾಲೆಯಿಂದ ಬಂದು ಕರೆದಾಗಲೆಲ್ಲ ಅವರು ಕನ್ನಡಕದ ಮೇಲಿನಿಂದಲೇ ನನ್ನತ್ತ ನೋಡುತ್ತಿದ್ದರು, ಬೆರಳು ಮಾತ್ರ ಓದುತ್ತಿದ್ದ ಸಾಲಿನ ಮೇಲೆಯೇ ಇರುತ್ತಿತ್ತು. ಇಷ್ಟು ದಿನ ಬರೆದರೂ ಅದು ನೆನಪಿಗೆ ಬಂದಿರಲಿಲ್ಲ. ಎಡಗೈಯ ತೋರುಬೆರಳನ್ನೂ ಈಗ ಬದಲಿಸಬೇಕಾಗಿದೆ. ನಾಳೆ ಬೆಳಿಗ್ಗೆ ಅವರು ಮತ್ತೆ ಕುಳಿತುಕೊಳ್ಳಲು ಒಪ್ಪಿದ್ದಾರೆ, ಪುಸ್ತಕವನ್ನು ತೆರೆದಿಡಬೇಕು ಎಂಬ ಷರತ್ತಿನ ಮೇಲೆ.